ನೆಮ್ಮಾರುಪ್ಪಿನ ಮೂಲ

ಸೊಸೆಯ ಫೋನು ಬಂದಾಗ ನಾನು ಅಂಗಳದಲ್ಲಿ ಹಲಸಿನಕಾಯಿ ಹಪ್ಪಳ ಒಣಹಾಕುತ್ತಿದ್ದೆ. ಎರಡೂ ಕೈಗೆ ಎಣ್ಣೆ. ಮನೆಯವರು ಫೋನು ತಂದು ನನ್ನ ಕಿವಿಗೆ ಹಿಡಿದರು. ನಿಜ ಹೇಳಬೇಕೆಂದರೆ ಕೆನ್ನೆಗೆ ಹಿಡಿದರು. ನಾನೇ ತಲೆ ವಾಲಿಸಿ ಕಿವಿ ಕೊಟ್ಟೆ.

"ಅತ್ತೆ, ಪಾಠ ವಾಪಸ್ ಬಂತು," ಎಂದಳು.

ನನಗೆ ಮೊದಲು ಹೊಳೆದದ್ದು, ಸದ್ಯ ಕಾಲೇಜಿನವರು ಅವಳನ್ನೇ ವಾಪಸ್ ಕಳಿಸಲಿಲ್ಲವಲ್ಲ, ಪಾಠ ತಾನೆ ಎಂದು. ದಿನವೂ ಸಂಜೆ ದೀಪ ಹಚ್ಚುವಾಗ ಅಂದಿನ ಒಳ್ಳೆಯದನ್ನು ಒಂದೊಂದಾಗಿ ನೆನೆಯುವುದು ನನ್ನ ಅಭ್ಯಾಸ. ಅವತ್ತಿನ ಲೆಕ್ಕಕ್ಕೆ ಇದನ್ನು ಆಗಲೇ ಸೇರಿಸಿಕೊಂಡೆ.

ಸೊಸೆ ಕೊಪ್ಪದ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತಾಳೆ. ಅತಿಥಿ ಉಪನ್ಯಾಸಕಿ. ಒಂಬತ್ತು ವರ್ಷದಿಂದ ಅತಿಥಿಯೇ. ನರಸಿಂಹರಾಜಪುರದ ನಮ್ಮ ಮನೆಯಿಂದ ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ಬಸ್ಸಿಗೆ ಬರುತ್ತಾಳೆ. ಡಿಗ್ರಿ ಮಕ್ಕಳ ಕನ್ನಡ ಪುಸ್ತಕಕ್ಕೆ ಒಂದು ಪಾಠ ಬರೆದುಕೊಡಿ ಎಂದು ಪುಸ್ತಕದ ಸಮಿತಿಯವರು ಅವಳನ್ನು ಕೇಳಿದ್ದರು. ಕಂಪ್ಯೂಟರಿನ ಮೊದಲ ಕಾಲದಲ್ಲಿ ಅದರ ಹಿಂದೆ ಬಿದ್ದಿದ್ದ ಹುಡುಗರು ತಮ್ಮತಮ್ಮೊಳಗೆ ಆಡಿಕೊಳ್ಳುತ್ತಿದ್ದ ಮಾತುಗಳು ಎಲ್ಲಿಂದ ಹುಟ್ಟಿದವು ಅನ್ನುವುದು ವಿಷಯ. ಕಂಪ್ಯೂಟರ್ ಬಲ್ಲವರು ಕನ್ನಡದಲ್ಲಿ ಬರೆಯಲು ಒಪ್ಪಲಿಲ್ಲ, ಕನ್ನಡ ಬಲ್ಲವರು ಕಂಪ್ಯೂಟರಿನ ಬಗ್ಗೆ ಬರೆಯಲು ಒಪ್ಪಲಿಲ್ಲ. ನಡುವೆ ಸಿಕ್ಕಿದವಳು ಇವಳು.

ಅವಳಿಗೆ ಆ ಪಾಠದ ಮೇಲೆ ಜೀವ. ಇಷ್ಟು ವರ್ಷದಲ್ಲಿ ಅವಳ ಹೆಸರು ಅಚ್ಚಾದದ್ದು ಒಂದೇ ಸಲ, ಮದುವೆಯ ಕಾಗದದಲ್ಲಿ. ಅಲ್ಲಿಯೂ ಒಂದು ಅಕ್ಷರ ತಪ್ಪಿತ್ತು.

ವಾಪಸ್ ಬಂದ ಪಾಠದ ಜೊತೆ ಸಮಿತಿಯವರ ಚೀಟಿ ಇತ್ತು. ಸಂಜೆ ಬಂದು ಚಪ್ಪಲಿ ಬಿಡುವ ಮೊದಲೇ ಓದಿ ಹೇಳಿದಳು. ವಿಷಯ ಬಹಳ ದೂರದ್ದಾಯಿತು. ನಮ್ಮ ಕಡೆಯ ಒಂದು ಉದಾಹರಣೆಯಾದರೂ ಬೇಕು. ಕಂಪ್ಯೂಟರ್ ಮುಟ್ಟದ ಗೃಹಿಣಿಗೂ ತಿಳಿಯುವಂತೆ ತಿದ್ದಿ ಹನ್ನೆರಡು ದಿನದೊಳಗೆ ಕಳಿಸಬೇಕು. ಇಲ್ಲದಿದ್ದರೆ ಪಾಠವನ್ನು ಬೇರೆಯವರಿಂದ ಬರೆಸಲಾಗುವುದು.

"ಕಂಪ್ಯೂಟರ್ ಮುಟ್ಟದ ಗೃಹಿಣಿ ಎಲ್ಲಿ ಸಿಗ್ತಾರೋ," ಎಂದರು ಮನೆಯವರು, ನನ್ನನ್ನೇ ನೋಡುತ್ತ.

ನಾನು ಮುಟ್ಟಿಲ್ಲ ಅನ್ನುವುದು ಪೂರ್ತಿ ಸರಿಯಲ್ಲ. ವಾರಕ್ಕೊಮ್ಮೆ ಅದರ ಧೂಳು ಒರೆಸುತ್ತೇನೆ.

ಅಂದಿನಿಂದ ದಿನಾ ಸಂಜೆ ಪಾಠ. ನಾನು ಮರುದಿನದ ಹಪ್ಪಳಕ್ಕೆ ಹಲಸಿನ ತೊಳೆ ಬಿಡಿಸುತ್ತ ಕೂರುವುದು, ಅವಳು ಎದುರಿಗೆ ಕೂತು ಓದುವುದು. ನನಗೆ ತಿಳಿಯದ ಕಡೆ ನಾನು ಚಾಕು ಎತ್ತಬೇಕು, ಅವಳು ಅಲ್ಲಿ ಗುರುತು ಹಾಕಬೇಕು. ಮೊದಲ ದಿನ ಚಾಕು ಕೆಳಗಿಳಿಯಲೇ ಇಲ್ಲ. ಒಂದೇ ಒಂದು ತೊಳೆಯೂ ಬಿಡಿಸಿ ಆಗಲಿಲ್ಲ.

ಎರಡನೆಯ ದಿನ ಅವಳು ಕಾಗದ ಮಡಚಿಟ್ಟು ಬಾಯಲ್ಲೇ ಹೇಳಿದಳು. ಆಗ ತಿಳಿಯಿತು. ನನಗೆ ತಿಳಿದಷ್ಟನ್ನು ಇಲ್ಲಿ ಬರೆಯುತ್ತೇನೆ.

ಅಮೆರಿಕದ ಒಂದು ದೊಡ್ಡ ಕಾಲೇಜಿನಲ್ಲಿ ಆಟದ ರೈಲು ಕಟ್ಟುವ ಹುಡುಗರ ಸಂಘವಿತ್ತಂತೆ. ರೈಲು, ಸ್ಟೇಷನ್ನು, ಗುಡ್ಡ ಎಲ್ಲ ಮೇಜಿನ ಮೇಲೆ. ವೈರು, ಸ್ವಿಚ್ಚು ಮೇಜಿನ ಅಡಿಯಲ್ಲಿ. ಕೆಲವು ಹುಡುಗರಿಗೆ ಮೇಲಿನ ಗುಡ್ಡಕ್ಕೆ ಬಣ್ಣ ಬಳಿಯುವುದು ಇಷ್ಟ, ಇನ್ನು ಕೆಲವರಿಗೆ ಕೆಳಗೆ ನುಗ್ಗಿ ವೈರು ಜೋಡಿಸುವುದು ಇಷ್ಟ. ಹಾಗೆ ಕೆಳಗೆ ನುಗ್ಗಿದವರು, ಯಾರೂ ಹೇಳದೆ, ಬರೀ ಖುಷಿಗೆ, ಒಂದು ಜಾಣ ಕೆಲಸ ಮಾಡಿಟ್ಟರೆ ಅದಕ್ಕೆ ಹ್ಯಾಕ್ ಅನ್ನುತ್ತಿದ್ದರು. ಮಾಡಿದವನು ಹ್ಯಾಕರ್. ಆಮೇಲೆ ಕಾಲೇಜಿಗೆ ಕಂಪ್ಯೂಟರ್ ಬಂತು. ಇವರು ಮೇಜಿನ ಅಡಿಯಿಂದ ಎದ್ದು ಅಲ್ಲಿಗೆ ಹೋದರು. ಮಾತೂ ಜೊತೆಗೆ ಹೋಯಿತು.

"ಹ್ಯಾಕರ್ ಅಂದ್ರೆ ಕಳ್ಳ ಅಲ್ವೇನೆ? ಓಟಿಪಿ ಕೊಡಬೇಡಿ ಅಂತ ದಿನಾ ಹೇಳ್ತಾರಲ್ಲ."

"ಅದು ಆಮೇಲೆ ಹೊರಗಿನವರು ಮಾಡಿಟ್ಟ ಅರ್ಥ ಅತ್ತೆ. ಆ ಹುಡುಗರಿಗೆ ಅದು ಬಿರುದು. ಕಳ್ಳರಿಗೆ ಬೇರೆ ಹೆಸರು ಇಡಿ ಅಂತ ಎಷ್ಟು ಬಡ್ಕೊಂಡ್ರೂ ಯಾರೂ ಕೇಳ್ಲಿಲ್ಲ."

ಪಾಪ, ಎನ್ನಿಸಿತು. ನಾವು ನಮ್ಮ ಮನೆಯಲ್ಲಿ ಆಡಿಕೊಂಡ ಮಾತನ್ನು ಬೀದಿಯವರು ಎತ್ತಿಕೊಂಡು ಹೋಗಿ ಬೈಗುಳ ಮಾಡಿದರೆ ಹೇಗಾಗುತ್ತದೆ?

ಅಂಥ ಮಾತುಗಳು ಅವರಲ್ಲಿ ರಾಶಿ ಇದ್ದವಂತೆ. ಒಂದಕ್ಕೊಂದು ಸಂಬಂಧವಿಲ್ಲದ ತುಂಡುಗಳನ್ನು ಸೇರಿಸಿ ಹೇಗೋ ನಡೆಯುವಂತೆ ಮಾಡಿದ ಯಂತ್ರಕ್ಕೆ ಕ್ಲೂಜ್. ನನ್ನ ಮಗ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟಿದ್ದಾನೆ, ಅವನ ಅಂಗಡಿಯಲ್ಲಿ ಇರುವುದೆಲ್ಲ ಅದೇ. ಬಳಸದೆ, ಬಿಸಾಡದೆ, ತನ್ನಷ್ಟಕ್ಕೆ ಕೂಡಿಕೊಳ್ಳುವ ಕಸಕ್ಕೆ ಕ್ರಫ್ಟ್. ಅದು ನಮ್ಮ ಅಟ್ಟದಲ್ಲಿದೆ. ಕೋಟು ಹಾಕಿಕೊಂಡು ಬಂದು, ಕೆಲಸ ತಿಳಿಯದೆ ಆಜ್ಞೆ ಮಾಡಿ ಹೋಗುವ ದೊಡ್ಡ ಮನುಷ್ಯರಿಗೆ ಬರೀ ಸೂಟು ಅನ್ನುತ್ತಿದ್ದರಂತೆ. ಇದನ್ನು ಕೇಳಿ ಮನೆಯವರು ಪೇಪರಿನ ಹಿಂದೆ ನಕ್ಕರು. ಮೂವತ್ತು ವರ್ಷ ಆಫೀಸಿನಲ್ಲಿ ಇದ್ದವರು.

ಆ ಹುಡುಗರು ಈ ಮಾತುಗಳನ್ನೆಲ್ಲ ಒಂದು ಪಟ್ಟಿ ಮಾಡಿ ಕಂಪ್ಯೂಟರಿನೊಳಗೇ ಇಟ್ಟಿದ್ದರು. ಒಂದು ಕಾಲೇಜಿನಿಂದ ಇನ್ನೊಂದಕ್ಕೆ ತಂತಿಯ ಮೂಲಕ ಅದು ಹೋಗುತ್ತಿತ್ತು. ಅಲ್ಲಿಯವರು ತಮ್ಮದನ್ನು ಸೇರಿಸುತ್ತಿದ್ದರು. ಒಂದೇ ಸಂಗತಿಗೆ ಅಲ್ಲೊಂದು ಮಾತು, ಇಲ್ಲೊಂದು ಮಾತು. ಯಾವ ಮಾತು ಯಾರಿಂದ ಬಂತು ಅನ್ನುವುದಕ್ಕೆ ದೊಡ್ಡ ಚರ್ಚೆ.

"ಬಗ್ ಅಂತಾರಲ್ಲ ಅತ್ತೆ, ಕಂಪ್ಯೂಟರಲ್ಲಿ ತಪ್ಪಾದ್ರೆ. ಅದರ ಕತೆ ಎಲ್ಲರಿಗೂ ಗೊತ್ತು. ಹಳೇ ಕಾಲದ ಒಂದು ದೊಡ್ಡ ಯಂತ್ರ ಕೆಟ್ಟು ನಿಂತಿತ್ತು. ಬಿಚ್ಚಿ ನೋಡಿದ್ರೆ ಒಳಗೆ ಒಂದು ಪತಂಗ ಸಿಕ್ಕಿ ಸತ್ತಿತ್ತು. ಅದನ್ನ ತೆಗೆದು ದಿನಚರಿ ಪುಸ್ತಕಕ್ಕೆ ಅಂಟಿಸಿ ಇಟ್ರು. ಅವತ್ತಿಂದ ಬಗ್ ಅನ್ನೋ ಮಾತು ಬಂತು ಅಂತ."

"ಚೆನ್ನಾಗಿದೆ."

"ಚೆನ್ನಾಗಿದೆ, ಆದ್ರೆ ಸುಳ್ಳು. ಆ ಮಾತು ಅದಕ್ಕಿಂತ ಎಷ್ಟೋ ಹಳೇದು. ಮೊದಲೇ ಇತ್ತು ಅಂತಲೇ ಅವರು ತಮಾಷೆಗೆ ಅಂಟಿಸಿದ್ದು, ಈ ಸಲ ನಿಜವಾದ ಹುಳವೇ ಸಿಕ್ತು ನೋಡಿ ಅಂತ. ಪತಂಗ ನಿಜ, ಪುಸ್ತಕ ನಿಜ, ಮೂಲ ಮಾತ್ರ ತಪ್ಪು. ಕತೆ ಚೆನ್ನಾಗಿದೆ ಅಂತ ಜನ ಅದನ್ನೇ ಹೇಳ್ತಾರೆ. ನನ್ನ ಪಾಠ ಇರೋದೇ ಅದಕ್ಕೆ ಅತ್ತೆ. ಮೂಲ ಸರಿಯಾಗಿ ಹೇಳ್ಬೇಕು."

ನಾನು ಚಾಕು ಎತ್ತಲಿಲ್ಲ. ತಿಳಿದಿತ್ತು.

ಇಷ್ಟಾದರೂ ನಮ್ಮ ಕಡೆಯ ಉದಾಹರಣೆ ಸಿಕ್ಕಿರಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ನಲ್ಲಿಯಲ್ಲಿ ನೀರಿಲ್ಲ. ಮನೆಯವರು ಎದ್ದವರೇ ಮೋಟರಿನ ಸ್ವಿಚ್ಚು ಒತ್ತಿದ್ದರು. ಹಿಂದೆಯೇ ಎದ್ದ ಮಗ, ಅಪ್ಪ ಮರೆತಿರುತ್ತಾರೆ ಎಂದು ಕತ್ತಲೆಯಲ್ಲಿ ಅದನ್ನೇ ಮತ್ತೆ ಒತ್ತಿದ. ಮೋಟರು ಆಫ್ ಆಯಿತು. ಟ್ಯಾಂಕಿನ ಮುಚ್ಚಳ ತೆಗೆದು ನೋಡಿ ಮನೆಯವರು ಅಲ್ಲಿಂದಲೇ ಕೂಗಿದರು, "ನೆಮ್ಮಾರುಪ್ಪಾಯ್ತಲ್ಲೋ ಮಾರಾಯ!"

ಸೊಸೆ ಬಚ್ಚಲಿನಿಂದ ಬ್ರಷ್ ಬಾಯಲ್ಲಿಟ್ಟುಕೊಂಡೇ ಓಡಿಬಂದಳು. "ಸಿಕ್ತು ಅತ್ತೆ! ಅದೇ! ನೆಮ್ಮಾರುಪ್ಪು!"

ಇದೊಂದನ್ನು ಬಿಟ್ಟು ಬೇರೆ ಯಾವ ಮಾತಾದರೂ ಸಿಗಬಾರದಿತ್ತೇ ಎನ್ನಿಸಿತು ನನಗೆ.

ನೆಮ್ಮಾರುಪ್ಪು ಅನ್ನುವುದು ನಮ್ಮ ಅಂಗಳದಲ್ಲಿ ಹುಟ್ಟಿದ ಮಾತು. ಹಲಸಿನ ಕಾಲದಲ್ಲಿ ಹಪ್ಪಳ ಒತ್ತಲು ಬೀದಿಯ ನಾಲ್ಕೈದು ಹೆಂಗಸರು ನಮ್ಮಲ್ಲಿ ಸೇರುತ್ತೇವೆ. ಕೆಲಸ ಒಟ್ಟಿಗೆ, ಹಪ್ಪಳ ಪಾಲು. ಅಲ್ಲಿ ನಮ್ಮದೇ ಮಾತುಗಳಿವೆ. ಕೋಲು ಹಿಡಿದು ಕಾಗೆ ಕಾಯುವವಳಿಗೆ ಅಧ್ಯಕ್ಷೆ ಅನ್ನುತ್ತೇವೆ, ಕುರ್ಚಿ ಇರುವುದು ಅವಳೊಬ್ಬಳಿಗೇ. ಮಾಡಿದ್ದನ್ನೇ ಮತ್ತೊಮ್ಮೆ ಮಾಡಿ ಕೆಡಿಸಿದರೆ ಅದು ನೆಮ್ಮಾರುಪ್ಪು. ಈ ಮಾತು ಅಂಗಳ ದಾಟಿ ಬಹಳ ಕಾಲವಾಗಿದೆ. ಮಗನ ಅಂಗಡಿಯಲ್ಲಿ ಹೇಳುತ್ತಾರೆ, ಹಿಟ್ಟಿನ ಗಿರಣಿಯಲ್ಲಿ ಹೇಳುತ್ತಾರೆ. ಒಮ್ಮೆ ಬಸ್ಸಿನಲ್ಲಿ ಕಂಡಕ್ಟರು ಒಬ್ಬರಿಗೇ ಎರಡು ಟಿಕೆಟ್ ಹರಿದು, ನೆಮ್ಮಾರುಪ್ಪಾಯ್ತು ಎಂದದ್ದನ್ನು ನಾನೇ ಕೇಳಿದ್ದೇನೆ.

ಎಲ್ಲರೂ ಹೇಳುವ ಮೂಲ ಹೀಗಿದೆ. ಮಗ ಪಿ.ಯು.ಸಿ.ಯಲ್ಲಿದ್ದ ವರ್ಷ, ಶೃಂಗೇರಿಯ ಆಚೆಯ ನೆಮ್ಮಾರು ಅನ್ನುವ ಊರಿನ ಒಬ್ಬ ಹೆಂಗಸು ನಮ್ಮ ಹಪ್ಪಳದ ಕೆಲಸಕ್ಕೆ ಕೂಲಿಗೆ ಬಂದಳು. ಅವಳ ಗಂಡ ಇಲ್ಲಿಯ ಮರದ ಮಿಲ್ಲಿನಲ್ಲಿದ್ದ. ಮೊದಲ ದಿನವೇ ಹಿಟ್ಟಿಗೆ ಎರಡು ಸಲ ಉಪ್ಪು ಹಾಕಿ ಒಂದು ಇಡೀ ಒಬ್ಬೆ ಹಪ್ಪಳ ಹಾಳುಮಾಡಿದಳು. ಅದಕ್ಕೇ ನೆಮ್ಮಾರುಪ್ಪು.

ಅವತ್ತೇ ಸಂಜೆ ಸೊಸೆ ಬರೆದು ಓದಿದಳು. "ಹೊಸದಾಗಿ ಕೆಲಸಕ್ಕೆ ಸೇರಿದ ನೆಮ್ಮಾರಿನ ಮಹಿಳೆಯೊಬ್ಬರು ಮರೆವಿನಿಂದ ಎರಡು ಬಾರಿ ಉಪ್ಪು ಹಾಕಿದ ಘಟನೆಯಿಂದ ಈ ಮಾತು ಹುಟ್ಟಿತು." ಓದಿ ನನ್ನ ಮುಖ ನೋಡಿದಳು. "ತಿಳೀತಾ ಅತ್ತೆ?"

ನಾನು ಚಾಕು ಎತ್ತಬೇಕಿತ್ತು. ಎತ್ತಲಿಲ್ಲ.

ನಡೆದದ್ದು ಬೇರೆ. ವರ್ಷದ ಮೊದಲ ಹಪ್ಪಳ ದೇವರಿಗೆ. ನೈವೇದ್ಯ ಆಗುವವರೆಗೆ ಅದರ ಹಿಟ್ಟನ್ನು ಯಾರೂ ನಾಲಿಗೆಗೆ ಮುಟ್ಟಿಸುವುದಿಲ್ಲ. ಉಪ್ಪು ಕೈಯಳತೆ ಅಷ್ಟೆ. ಆ ಹಿಟ್ಟು ನಾದುವಾಗ ನಾನು ಸ್ತೋತ್ರ ಹೇಳುತ್ತೇನೆ. ಹೇಳುವಾಗ ನಡುವೆ ಬೇರೆ ಮಾತಾಡುವುದಿಲ್ಲ. ಅವತ್ತೂ ಹೇಳುತ್ತಿದ್ದೆ. ಬಾಯಿ ಸ್ತೋತ್ರದಲ್ಲಿದ್ದಾಗಲೇ ಕೈ ಭರಣಿಯಿಂದ ಉಪ್ಪು ತೆಗೆದು ಹಿಟ್ಟಿಗೆ ಹಾಕಿತು. ಅಷ್ಟರಲ್ಲಿ ಒಲೆಯ ಮೇಲಿನ ಹಾಲಿನ ನೆನಪಾಗಿ ಒಳಗೆ ಹೋಗಿ ಬಂದೆ. ಬಂದವಳು ಉಪ್ಪು ಹಾಕಿದ್ದನ್ನು ಮರೆತು ನೆಮ್ಮಾರಿನವಳಿಗೆ ಸನ್ನೆ ಮಾಡಿದೆ. ಮೊದಲು ಭರಣಿ ತೋರಿಸಿದೆ, ಆಮೇಲೆ ಹಿಟ್ಟು ತೋರಿಸಿದೆ. ಅವಳು ಭರಣಿ ನೋಡಿದಳು, ನನ್ನನ್ನು ನೋಡಿದಳು. ನಾನು ಮತ್ತೆ ತೋರಿಸಿದೆ. ಹಾಕಿದಳು.

ಹಪ್ಪಳ ಒಣಗಿತು, ಕರಿದೆವು, ನೈವೇದ್ಯ ಮಾಡಿದೆವು. ದೇವರು ಏನೂ ಹೇಳಲಿಲ್ಲ. ಮನೆಯವರು ಹೇಳಿದರು. ಅದೂ ಬಾಯಲ್ಲಿದ್ದುದನ್ನು ಉಗುಳಿ ಬಂದ ಮೇಲೆ.

ಅಂಗಳದಲ್ಲಿ ವಿಚಾರಣೆ ಆಯಿತು. ಉಪ್ಪು ಹಾಕಿದ್ದು ಯಾರು ಎಂದಾಗ ನೆಮ್ಮಾರಿನವಳು, "ನಾನು," ಎಂದಳು. "ಎರಡು ಸಲ ಹಾಕಿದ್ಯಾ ಹೇಗೆ?" ಎಂದಳು ಎದುರುಮನೆಯಾಕೆ. ಅವಳು ಮಾತಾಡಲಿಲ್ಲ. "ನಿಮ್ಮ ನೆಮ್ಮಾರಲ್ಲಿ ಉಪ್ಪು ಹೊಳೆಯಲ್ಲಿ ಬರ್ತದೇನೆ ಮಾರಾಯ್ತಿ?" ಎಂದಳು ಮತ್ತೆ. ಎಲ್ಲರೂ ನಕ್ಕರು. ಆ ನಗುವಿನ ಮಧ್ಯ ನನಗೆ ಭರಣಿಯೂ ಹಾಲೂ ಒಟ್ಟಿಗೆ ನೆನಪಾದವು. ಹೇಳೋಣ ಎಂದು ಬಾಯಿ ತೆರೆದೆ. ತೆರೆದ ಬಾಯಲ್ಲಿ ನಾನೂ ನಕ್ಕುಬಿಟ್ಟೆ.

ಆಮೇಲೆ ಹೇಳಲಿಲ್ಲ. ಅವಳು ಎಂಟು ವರ್ಷ ನಮ್ಮಲ್ಲಿ ಹಪ್ಪಳ ಒತ್ತಿದಳು. ಆ ಮಾತನ್ನು ಅವಳ ಎದುರಿಗೇ ಆಡಿದೆವು. ಗಂಡನ ಮಿಲ್ಲು ನಿಂತ ಮೇಲೆ ಊರಿಗೆ ಹೋದಳು. ಹೋಗುವಾಗ ನನ್ನ ಕಾಲು ಮುಟ್ಟಿದಳು. ಆಗಲೂ ಹೇಳಲಿಲ್ಲ.

ಸೊಸೆ ಓದಿದ ಸಂಜೆ ದೀಪದ ಮುಂದೆ ಕೂತು ದಿನದ ಒಳ್ಳೆಯದನ್ನು ನೆನೆಯಲು ಹೋದರೆ ಒಂದೂ ನೆನಪಾಗಲಿಲ್ಲ. ಮನೆಯವರಿಗೆ ಎಲ್ಲ ಹೇಳಿದೆ. ಅವರು ಪೇಪರು ಮಡಚದೆ ಕೇಳಿದರು.

"ಇಷ್ಟು ವರ್ಷ ಸುಮ್ನಿದ್ದೆ. ಇನ್ನೊಂದು ವಾರ ಸುಮ್ನಿರು, ಪುಸ್ತಕ ಅಚ್ಚಾಗ್ತದೆ."

"ಅಚ್ಚಾದ್ಮೇಲೆ?"

"ಅಚ್ಚಾದ್ಮೇಲೆ ಅದೇ ನಿಜ."

ಅವರಿಗೆ ಇದು ಸಮಾಧಾನದ ಮಾತು. ನನಗೆ ಅದರಿಂದಲೇ ಊಟ ಸೇರಲಿಲ್ಲ.

ಸೊಸೆ ಇನ್ನೊಂದು ಕೆಲಸ ಹಚ್ಚಿದಳು. "ಆ ಹೆಂಗಸಿನ ಒಪ್ಪಿಗೆ ಇಲ್ಲದೆ ಹಾಕೋದು ಸರಿಯಲ್ಲ ಅತ್ತೆ. ಹೇಗೂ ಶುಕ್ರವಾರ ನೀವು ಶೃಂಗೇರಿಗೆ ಹೋಗ್ತೀರಲ್ಲ, ಹಾಗೇ ನೆಮ್ಮಾರಿಗೂ ಹೋಗಿ ಕೇಳ್ಕೊಂಡು ಬನ್ನಿ." ಸುಳ್ಳಿಗೆ ಒಪ್ಪಿಗೆ ತರಲು ಸುಳ್ಳು ಹೇಳಿದವಳನ್ನೇ ಕಳಿಸಿದಳು. ಪಾಪ, ಅವಳಿಗೇನು ಗೊತ್ತು.

ಶುಕ್ರವಾರ ಮೊದಲ ಬಸ್ಸು ಹಿಡಿದೆ. ಕೊಪ್ಪದವರೆಗೆ ನಿಂತೇ ಹೋದೆ. ಅಲ್ಲಿಂದ ಮುಂದೆ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಪುಣ್ಯ. ಶೃಂಗೇರಿಯಲ್ಲಿ ಅಮ್ಮನ ಎದುರು ನಿಂತು ಉಪ್ಪಿನ ವಿಷಯ ಹೇಳಬೇಕೆಂದುಕೊಂಡೆ. ಗೊತ್ತಿರುವವಳಿಗೇ ಹೇಳಿ ಏನು ಪ್ರಯೋಜನ ಎನ್ನಿಸಿತು. ಗೊತ್ತಿಲ್ಲದವರಿಗೆ ಹೇಳಬೇಕಾದದ್ದು. ಹಿಂದೆ ಸಾಲಿನಲ್ಲಿದ್ದವರು ಮುಂದೆ ಹೋಗಿ ಅಮ್ಮಾ ಎಂದರು. ಹೋದೆ.

ನೆಮ್ಮಾರಿನಲ್ಲಿ ಬಸ್ಸಿಳಿದು ಕೇಳಿದರೆ ಅಂಗಡಿಯವನು ಮನೆ ತೋರಿಸಿದ. ಅವಳು ಅಂಗಳದಲ್ಲಿ ತೆಂಗಿನ ಗರಿ ಸೀಳಿ ಪೊರಕೆಗೆ ಕಡ್ಡಿ ತೆಗೆಯುತ್ತಿದ್ದಳು. ನನ್ನನ್ನು ನೋಡಿ ಎದ್ದಳು. ಕೂದಲು ನೆರೆತಿತ್ತು. ನನ್ನದೂ ನೆರೆತಿದೆ, ಬಣ್ಣ ಹಾಕುವುದಿಲ್ಲ.

"ಅಯ್ಯೋ, ಅಮ್ಮ! ಒಬ್ರೇ ಬಂದ್ರಾ? ಎಂತಾಯ್ತು? ಯಜಮಾನ್ರು ಹುಷಾರಿದ್ದಾರಲ್ಲ?"

"ಹುಷಾರಿದ್ದಾರೆ. ಪೇಪರ್ ಓದ್ತಿದ್ದಾರೆ."

ಬೆಲ್ಲ ನೀರು ಕೊಟ್ಟಳು. ನಾನು ಪಾಠದ ವಿಷಯ ಹೇಳಿದೆ, ಪುಸ್ತಕದ ವಿಷಯ ಹೇಳಿದೆ, ನೆಮ್ಮಾರುಪ್ಪು ಅಂತ ಹಾಕುತ್ತಾರೆ ಎಂದೆ. ಅವಳು ಕಡ್ಡಿ ತೆಗೆಯುತ್ತ ಕೇಳಿದಳು.

"ಹಂಗಾರೆ ಕಾಲೇಜು ಪುಸ್ತಕದಲ್ಲಿ ಬತ್ತದೆ."

"ಬರ್ತದೆ. ನಿನ್ನ ಹೆಸರು ಹಾಕಲ್ಲ."

"ನೆಮ್ಮಾರು ಅಂತ ಹಾಕ್ತೀರಲ್ಲಮ್ಮ. ನೆಮ್ಮಾರಿಂದ ನಿಮ್ಮಲ್ಲಿಗೆ ಎಷ್ಟು ಜನ ಬಂದಿದ್ರು?" ಕಡ್ಡಿ ಕೆಳಗಿಟ್ಟಳು. "ನನ್ನ ಕಿರೀ ಮಗಳು ಈ ವರ್ಷ ಡಿಗ್ರಿ ಸೇರ್ತಾಳೆ, ಕೊಪ್ಪದಲ್ಲಿ. ಅವಳೂ ಅದನ್ನೇ ಓದ್ಬೇಕಲ್ವಾ?"

ನಾನು ಬೆಲ್ಲ ನೀರಿನ ಲೋಟ ಕೆಳಗಿಟ್ಟೆ. ಅಲ್ಲಿಯೇ ಹೇಳಿದೆ. ಬಸ್ಸಿನಲ್ಲಿ ಜೋಡಿಸಿಟ್ಟಿದ್ದ ಮಾತು ಒಂದೂ ಬರಲಿಲ್ಲ. "ಉಪ್ಪು ಮೊದಲು ಹಾಕಿದವಳು ನಾನು ಮಾರಾಯ್ತಿ," ಎಂದೆ ಅಷ್ಟೆ.

"ಗೊತ್ತಲ್ಲಮ್ಮ. ನಾನೇ ನೋಡಿದ್ನಲ್ಲ."

"ನೋಡಿದ್ಯಾ? ಮತ್ತೆ ಯಾಕೆ ಹಾಕ್ದೆ?"

"ನೀವು ಹಾಕು ಅಂದ್ರಿ, ಹಾಕ್ದೆ."

"ಹಾಕಾಗಿದೆ ಅಂತ ಒಂದು ಮಾತು ಹೇಳ್ಬಾರ್ದಿತ್ತಾ?"

"ನೀವು ದೇವರ ಮಂತ್ರ ಹೇಳ್ತಿದ್ರಿ. ಮಧ್ಯ ಬಾಯಿ ಹಾಕಿ ಉಪ್ಪಿನ ಸುದ್ದಿ ಹೇಳೋದಾ? ಮೊದಲ್ನೇ ದಿನ ಬೇರೆ. ರುಚಿ ನೋಡಿ ಅನ್ನೋಣ ಅಂದ್ರೆ, ನೋಡ್ಬಾರ್ದು ಅಂತ ಮೊದ್ಲೇ ಹೇಳಿದ್ರಿ. ಹತ್ತು ಸಲ ಹಾಕು ಅಂದಿದ್ರೂ ಹಾಕ್ತಿದ್ದೆ."

"ಆಮೇಲೆ ಎಲ್ಲಾ ನಗುವಾಗ?"

"ನೀವೂ ನಗ್ತಿದ್ರಿ," ಎಂದಳು. ದೂರಿನಂತೆ ಹೇಳಲಿಲ್ಲ. ಮಳೆ ಬರುತ್ತಿತ್ತು ಎಂದಂತೆ ಹೇಳಿದಳು.

ಸ್ವಲ್ಪ ಹೊತ್ತು ಇಬ್ಬರೂ ಕಡ್ಡಿ ತೆಗೆದೆವು. ಸುಮ್ಮನೆ ಕೂರಲು ನನಗೆ ಬರುವುದಿಲ್ಲ. ಆಮೇಲೆ ಅವಳೇ ಬಾಯಿಗೆ ಸೆರಗು ಹಿಡಿದು ನಕ್ಕಳು.

"ನಮ್ಮ ಕಡೆನೂ ಆ ಮಾತಿದೆ ಅಮ್ಮ. ಇಲ್ಲಿ ನೆಮ್ಮಾರುಪ್ಪು ಅನ್ನಲ್ಲ."

"ಮತ್ತೆ?"

"ಬೇಜಾರು ಮಾಡ್ಕೋಬಾರ್ದು."

"ಹೇಳೇ."

"ಅಮ್ಮನುಪ್ಪು ಅಂತೀವಿ."

ಅಮ್ಮನುಪ್ಪು ಅಂದರೆ, ತಪ್ಪು ಅಂತ ಚೆನ್ನಾಗಿ ಗೊತ್ತಿದ್ದೂ, ಹೇಳಿದವರು ದೊಡ್ಡವರು ಅಂತ ಬಾಯಿ ಮುಚ್ಚಿಕೊಂಡು ಮಾಡುವ ಕೆಲಸ. ಊರಿಗೆ ಬಂದ ಮೇಲೆ ಜೊತೆಗೆ ತೋಟದ ಕೆಲಸಕ್ಕೆ ಹೋಗುವವರಿಗೆ ಅವಳು ಈ ಕತೆ ಹೇಳಿದ್ದಳಂತೆ. ಗೊಬ್ಬರ ಹಾಕಿ ಮುಗಿದ ಸಾಲಿಗೇ ಎಸ್ಟೇಟಿನ ಲೆಕ್ಕ ಬರೆದು ಆಳು ನೋಡಿಕೊಳ್ಳುವ ರೈಟರು ಬಂದು ಮತ್ತೆ ಗೊಬ್ಬರ ಹಾಕಿ ಅಂದರೆ, ಒಬ್ಬರು ಇನ್ನೊಬ್ಬರಿಗೆ ಮೆಲ್ಲಗೆ, ಅಮ್ಮನುಪ್ಪು ಹಾಕು, ಅನ್ನುತ್ತಾರೆ. ಹಾಕುತ್ತಾರೆ. ನನ್ನ ಮುಖ ನೋಡದ ಜನ, ಸುತ್ತಮುತ್ತಲ ತೋಟಗಳಲ್ಲಿ, ಇಷ್ಟು ವರ್ಷದಿಂದ ನನ್ನನ್ನು ನೆನೆಯುತ್ತಿದ್ದಾರೆ. ಶೃಂಗೇರಿಯ ದಾರಿಯಲ್ಲಿ ನನಗೆ ಇಷ್ಟು ಹೆಸರಿದೆ ಎಂದು ನನಗೆ ಗೊತ್ತಿರಲಿಲ್ಲ.

"ಬರೀಲಿ ಅಮ್ಮ," ಎಂದಳು ನಾನು ಹೊರಡುವಾಗ. "ಆದ್ರೆ ಆದದ್ದು ಆದಂಗೆ ಬರೀಲಿ. ನಾನು ಮರೆತು ಹಾಕ್ದೆ ಅಂತ ಬೇಡ. ನಾನು ಮರೀಲಿಲ್ಲ." ನಾಲ್ಕು ಹೆಜ್ಜೆ ಬಂದ ಮೇಲೆ ಮತ್ತೆ ಕರೆದು ಒಂದು ಪೊರಕೆ ಕೊಟ್ಟಳು. ಬಸ್ಸಿನಲ್ಲಿ ಪೊರಕೆ ಹಿಡಿದುಕೊಂಡು ಬಂದೆ.

ಸಂಜೆ ಸೊಸೆಗೆ ಹೇಳಿದೆ. ಕೋಪ ಬರುತ್ತದೆ ಎಂದುಕೊಂಡಿದ್ದೆ. ಮೂಲ ಸರಿಯಾಗಿ ಹೇಳಬೇಕು ಎಂದು ದಿನಾ ನನ್ನೆದುರು ಹೇಳಿದವಳು. ಅವಳು ಸ್ವಲ್ಪ ಹೊತ್ತು ನನ್ನ ಮುಖವನ್ನೂ ಪೊರಕೆಯನ್ನೂ ನೋಡಿದಳು.

"ಅಲ್ಲ ಅತ್ತೆ, ಪತಂಗದ ಕತೆ ಹೇಳುವಾಗ ನೀವು ಚೆನ್ನಾಗಿದೆ ಅಂದ್ರಲ್ಲ."

"ಅಂದೆ."

"ಆಗಲೇ ಹೇಳ್ಬಾರ್ದಿತ್ತಾ?"

"ಆಗ ನೀನಿನ್ನೂ ಉಪ್ಪಿಗೆ ಬಂದಿರ್ಲಿಲ್ಲ."

ಅವಳು ಬರೆದಿದ್ದನ್ನು ಹೊಡೆದುಹಾಕಿ ಹೊಸದಾಗಿ ಬರೆದಳು. ಒಂದೇ ಘಟನೆ; ಮನೆಯೊಡತಿಯ ಅಂಗಳದಲ್ಲಿ ಅದಕ್ಕೆ ಒಂದು ಮಾತು, ಕೂಲಿಯವಳ ಊರಿನಲ್ಲಿ ಇನ್ನೊಂದು. ಯಾರು ಹೇಳುತ್ತಾರೋ ಅವರಂತೆ ಮೂಲ. ಎರಡನ್ನೂ ಹಾಕಿದಳು. ಸೂಟು ಅನ್ನುವ ಮಾತು ಬರುವಲ್ಲಿ ಅಮ್ಮನುಪ್ಪನ್ನು ತಂದು ಕೂರಿಸಿದಳು. ಓದುವಾಗ ಅವಳ ದನಿಯಲ್ಲಿ ಒಂದು ಉತ್ಸಾಹ ಇತ್ತು. ಮೊದಲ ಸಲ ನಾನು ಒಮ್ಮೆಯೂ ಚಾಕು ಎತ್ತದೆ ಪೂರ್ತಿ ಪಾಠ ಕೇಳಿದೆ. ತೊಳೆಯೂ ಬಿಡಿಸಿ ಮುಗಿಯಿತು.

ಮರುದಿನ ಹಪ್ಪಳಕ್ಕೆ ಬಂದ ಹೆಂಗಸರಿಗೆ ಹೇಳಿದೆ. ಹಿಟ್ಟಿನ ಉಂಡೆ ಮಾಡುತ್ತ ಮಾಡುತ್ತ ಹೇಳಿ ಮುಗಿಸಿದೆ. ಕಾಗೆ ಒಂದು ಹಪ್ಪಳ ಎತ್ತಿಕೊಂಡು ಹೋಯಿತು, ಅಧ್ಯಕ್ಷೆ ಕೋಲು ಎತ್ತಲಿಲ್ಲ. ಕೊನೆಗೆ ಎದುರುಮನೆಯಾಕೆ, "ಅಷ್ಟು ನಗಿಸಿದ್ದು ನಾನಲ್ವಾ," ಎಂದಳು. ಇನ್ನೂ ಸ್ವಲ್ಪ ಹೊತ್ತಿಗೆ, "ಅಲ್ಲ, ಈಗ ಬಾಯಿಗೆ ಬಂದ್ಬಿಟ್ಟಿದೆ. ನೆಮ್ಮಾರುಪ್ಪು ಅನ್ನೋದನ್ನ ಬಿಡೋದು ಹೇಗೆ ಮಾರಾಯ್ತಿ?" ಎಂದಳು. ಬಿಡಲಿಕ್ಕೆ ಆಗುವುದಿಲ್ಲ ಅನ್ನುವುದು ನನಗೂ ಗೊತ್ತು. ಆ ಅಮೆರಿಕದ ಹುಡುಗರಿಗೇ ಆಗಲಿಲ್ಲ.

ಪಾಠ ಹೋಯಿತು. ಹೋದ ಆರನೆಯ ದಿನ, ಶನಿವಾರ, ನಾನು ಅಂಗಳದಲ್ಲಿ ಹಪ್ಪಳ ಹರವಿ ಮುಗಿಸುವಷ್ಟರಲ್ಲಿ ಸೊಸೆ ಒಳಗಿನಿಂದ ಒಂದು ಕಾಗದ, ಪೆನ್ನು ಹಿಡಿದುಕೊಂಡು ಬಂದಳು. ಸಮಿತಿಯವರು ಫೋನು ಮಾಡಿದ್ದರಂತೆ. ಪಾಠ ಎಲ್ಲರಿಗೂ ಹಿಡಿಸಿದೆ. ಆದರೆ ಒಂದು ತಕರಾರು. ಪತಂಗದ ಕತೆಗೆ ಅಂಟಿಸಿದ ಪುಸ್ತಕದ ಸಾಕ್ಷಿ ಇದೆ, ಉಪ್ಪಿನ ಕತೆಗೆ ಏನು ಸಾಕ್ಷಿ? ಹಾಕಿದವರ ಕೈಬರಹದಲ್ಲಿ ಒಂದು ಪತ್ರ ಬಂದರೆ ಪಾಠ ಸೋಮವಾರ ಅಚ್ಚಿಗೆ ಹೋಗುತ್ತದೆ. ಪತ್ರ ಅವರ ಕಡತದಲ್ಲಿ ಇರುತ್ತದೆ.

"ಬೇಡ ಅಂದ್ರೆ ಬೇಡ ಅತ್ತೆ," ಎಂದಳು. "ಆ ಭಾಗ ತೆಗೆದು ಬೇರೆ ಏನಾದ್ರೂ..." ಮಾತು ಮುಗಿಸಲಿಲ್ಲ. ಬೇರೆ ಏನೂ ಇರಲಿಲ್ಲ, ದಿನವೂ ಇರಲಿಲ್ಲ.

ಮನೆಯವರು ಪೇಪರು ಕೆಳಗಿಳಿಸಿ ನೋಡಿದರು.

ಜಗಲಿಯ ಕಟ್ಟೆಯ ಮೇಲೆ ಕಾಗದ ಇಟ್ಟು ಬರೆದೆ. ನನ್ನ ಅಕ್ಷರ ದೊಡ್ಡದು, ನಾಲ್ಕು ಸಾಲಿಗೆ ಪುಟ ತುಂಬಿತು. ಉಪ್ಪು ಮೊದಲು ಹಾಕಿದವಳು ನಾನು. ಮರೆತವಳೂ ನಾನು. ಎರಡನೆಯ ಸಲ ಹಾಕಿಸಿದ್ದೂ ನಾನು. ನೆಮ್ಮಾರಿನವಳು ಏನನ್ನೂ ಮರೆಯಲಿಲ್ಲ. ಕೆಳಗೆ ಸಹಿ ಮಾಡಿದೆ. ಕೈ ಒರೆಸಿಕೊಂಡಿದ್ದರೂ ಕಾಗದದ ಮೂಲೆಯಲ್ಲಿ ಎಣ್ಣೆಯ ಬೆರಳಚ್ಚು ಮೂಡಿತು. ಬೇರೆ ಬರೆದುಕೊಡುತ್ತೇನೆ ಎಂದೆ.

"ಇರಲಿ ಅತ್ತೆ," ಎಂದು ಸೊಸೆ ಕಸಿದುಕೊಂಡಳು. ಫೋನಿನಲ್ಲಿ ಅದರ ಫೋಟೋ ತೆಗೆದು ಸಮಿತಿಯವರಿಗೆ ಕಳಿಸಿದಳು, ಪತ್ರವನ್ನು ಲಕೋಟೆಗೆ ಹಾಕಿ ಅಂಟಿಸಿದಳು, ಮತ್ತೆ ಫೋನು ನೋಡಿದಳು. ಅವಳ ಮುಖ ಅರಳಿದ್ದು ನೋಡಿ ನನಗೆ ಉತ್ತರ ತಿಳಿಯಿತು. "ನನ್ನ ಹೆಸರು ಹೇಗೆ ಬರೀಬೇಕು ಅಂತ ಕೇಳಿದ್ದಾರೆ," ಎಂದಳು.

"ಸರಿಯಾಗಿ ಬರೆದು ಕಳಿಸು. ಎರಡು ಸಲ ನೋಡು," ಎಂದೆ.

ಬಿಸಿಲು ಏರಿತ್ತು. ಹಪ್ಪಳದ ಮೇಲ್ಮೈ ಒಣಗಿ ಅಂಚು ಏಳತೊಡಗಿತ್ತು. ಇನ್ನು ಬಿಟ್ಟರೆ ಮುದುರಿಕೊಳ್ಳುತ್ತವೆ. ಸೆರಗು ಸಿಕ್ಕಿಸಿಕೊಂಡು ಚಾಪೆಯ ಆ ತುದಿಯಿಂದ ಮಗುಚಿಹಾಕುತ್ತ ಬಂದೆ.